ನವಣೆ ತುಂಬಿದ ಕಡಲು

ಬೆಂಗೇರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕರೀಮಾಬಿ ಮನೆಯ ಕಟ್ಟೆಯ ಮೇಲೆ ಕೂತು ಹಿಟ್ಟು ನಾದುವ ದೊಡ್ಡ ಪರಾತದಷ್ಟು ಅಗಲದ ವಾದ್ಯವೊಂದನ್ನು ಅತ್ತಿತ್ತ ವಾಲಿಸುತ್ತಿದ್ದಾರೆ. ಎರಡೂ ಮುಖಕ್ಕೆ ಚರ್ಮ ಬಿಗಿದು ಒಳಗೆ ನವಣೆ ತುಂಬಿದ್ದಾರೆ. ವಾಲಿಸಿದರೆ ಕಾಳು ಹರಿದು ಸಮುದ್ರದ ತೆರೆಯ ಸದ್ದು ಬರಬೇಕು. ಬರುತ್ತಿಲ್ಲ. ಕಾಳೆಲ್ಲ ಮುದ್ದೆಯಾಗಿ ಒಂದೇ ಕಡೆ ಧಪ್ಪನೆ ಬೀಳುತ್ತಿದೆ. ಇವತ್ತು ಸಂಜೆ ಆರಕ್ಕೆ ಧಾರವಾಡದ ವಾದ್ಯವೃಂದವೊಂದರ ಈ ವರ್ಷದ ಮೊದಲ ಕಚೇರಿ. ನುಡಿಸುವುದೆಲ್ಲ ಕಡಲಿನ ಸಂಗೀತವೇ, ಅದು ಶುರುವಾಗುವುದು ಈ ಸದ್ದಿನಿಂದ.

ತಪ್ಪು ಯಾರದೆಂದು ಹುಡುಕಬೇಕಿಲ್ಲ. ನುಸಿ ಹತ್ತದಿರಲೆಂದು ಕಾಳಿಗೆ ಹರಳೆಣ್ಣೆ ಸವರಿಡುವುದು ಈ ಕಡೆಯ ಹೆಂಗಸರ ರೂಢಿ. ವಾದ್ಯದ ನವಣೆಗೂ ಕರೀಮಾಬಿ ಅದನ್ನೇ ಮಾಡಿಬಿಟ್ಟಿದ್ದಾರೆ! ನಿನ್ನೆ ಬಿಸಿಲಿಗೆ ಚೆನ್ನಾಗಿ ಹರಿದ ಕಾಳು ರಾತ್ರಿಯ ತಂಪಿಗೆ ಅಂಟಿಕೊಂಡಿದೆ. "ಅಡಗಿಮನಿ ಕೈ ನೋಡ್ರಿ, ವಾದ್ಯ ಯಾವುದು ಡಬ್ಬಿ ಯಾವುದು ಅದಕ್ಕೇನು ಗೊತ್ತು" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಈಕೆಗೆ ಐವತ್ತೆಂಟು. ಗಂಡ ತೀರಿಕೊಂಡ ಮೇಲೆ ಅವನ ಉಳಿ, ಸುತ್ತಿಗೆ ಕೈಗೆತ್ತಿಕೊಂಡು ಇಪ್ಪತ್ತಾರು ವರ್ಷ. ಹೆಣ್ಣುಮಗಳ ಕೈಗೆ ತಬಲಾ ರಿಪೇರಿಗೆ ಕೊಡಲು ಮೊದಮೊದಲು ಮಂದಿ ಹಿಂದೆಮುಂದೆ ನೋಡಿದರು. ಈಗ ದಿನಕ್ಕೆ ನಾಲ್ಕೈದು ವಾದ್ಯ ಬಾಗಿಲಿಗೆ ಬರುತ್ತವೆ. ಆದರೆ ಯಾವ ಕಚೇರಿಯ ಕರಪತ್ರದಲ್ಲೂ ಈಕೆಯ ಹೆಸರಿಲ್ಲ.

ವೃಂದದ ಮುಖ್ಯಸ್ಥ ಶಾಂತಯ್ಯನವರಿಗೆ ತಾವೇ ಫೋನು ಹಚ್ಚಿ ಇದ್ದದ್ದು ಇದ್ದಂಗೆ ಹೇಳುತ್ತಾರೆ. ಅವರು ಸಿಟ್ಟಾಗುವುದಿಲ್ಲ. ಕಂಪ್ಯೂಟರಿನಲ್ಲಿ ತೆರೆಯ ಸದ್ದು ತಯಾರಿದೆ, ಚಿಂತೆ ಬೇಡ ಎನ್ನುತ್ತಾರೆ. ಆ ಮಾತೇ ಕರೀಮಾಬಿಗೆ ಚುಚ್ಚುತ್ತದೆ.

"ತಪ್ಪು ನಂದರಿ, ಖರೇ. ಆದ್ರ ಮಷೀನ್ ಹಚ್ಚಬ್ಯಾಡ್ರಿ. ನಾಲ್ಕು ಗಂಟೆ ಹೊಡ್ಯೂದ್ರಾಗ ತರ್ತೇನಿ."

ಚರ್ಮ ಬಿಚ್ಚಿ ಮತ್ತೆ ಬಿಗಿದರೆ ಒಣಗಲು ಎರಡು ದಿನ ಬೇಕು. ಹಾಗಾಗಿ ಕಟ್ಟಿಗೆಯ ಅಂಚಿಗೇ ಬೆರಳು ಹೋಗುವಷ್ಟು ತೂತು ಕೊರೆದು ನವಣೆಯನ್ನೆಲ್ಲ ಸುರಿಯುತ್ತಾರೆ. ಒಳಗಿನ ಜಿಡ್ಡು? ಅದಕ್ಕೆ ಜೋಳದ ಹಿಟ್ಟಿದೆಯಲ್ಲ! ಹಿಟ್ಟು ಹಾಕಿ ಗಲಗಲ ಅಲುಗಿಸುತ್ತಾರೆ, ಎಣ್ಣೆ ಹೀರಿದ ಹಿಟ್ಟನ್ನು ಚೆಲ್ಲುತ್ತಾರೆ. ಮೂರು ಸಲ ಹೀಗೆ ಮಾಡಿ, ಹೊಸ ನವಣೆ ತುಂಬಿ, ತೂತಿಗೆ ಬೆಣೆ ಬಡಿಯುತ್ತಾರೆ. ಆಮೇಲೆ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಧಾರವಾಡದ ಬಸ್ಸಿನಲ್ಲಿ ಕೂರುತ್ತಾರೆ. ಮೂರೂಮುಕ್ಕಾಲಿಗೆ ಸಭಾಂಗಣದ ಹಿಂಬಾಗಿಲು ಮುಟ್ಟುತ್ತಾರೆ. ಶಾಂತಯ್ಯನವರು ಒಮ್ಮೆ ವಾಲಿಸಿ ಕೇಳಿ, ಕಂಪ್ಯೂಟರು ಮುಚ್ಚುತ್ತಾರೆ.

ಆರಕ್ಕೆ ದೀಪ ಆರುತ್ತದೆ. ಮೆಲ್ಲಗೆ ಒಂದು ತೆರೆ ಬಂದು ಮರಳುತ್ತದೆ, ಅದರ ಹಿಂದೆ ಇನ್ನೊಂದು. ಗುಜುಗುಜು ನಿಂತು ಸಭೆಯೆಲ್ಲ ಗಪ್ಪಾಗುತ್ತದೆ. ಪಿಟೀಲುಗಳು ಏಳುವ ಹೊತ್ತಿಗೆ, ಪರದೆಯ ಪಕ್ಕ ನಿಂತ ಕರೀಮಾಬಿಗೆ ಕಣ್ಣು ತುಂಬಿ ಬರುತ್ತದೆ. ಹೆಮ್ಮೆಯಾಯಿತು, ಅದರಲ್ಲಿ ಮುಚ್ಚಿಡುವುದೇನಿದೆ ಎನ್ನುತ್ತಾರೆ.

ಸಮುದ್ರ ನೋಡಿದ್ದೀರಾ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಆಸೆ ಮಾತ್ರ ಇದೆ.

"ಒಮ್ಮಿ ಕಾರವಾರಕ್ಕ ಹೋಗಬೇಕ್ರಿ. ಅಲ್ಲೇನು ಈಜೂದಿಲ್ಲ, ಆಡೂದಿಲ್ಲ. ದಂಡಿಗೆ ಕುಂತು ಕೇಳ್ಬೇಕು, ಸಮುದ್ರ ನನ್ನ ವಾದ್ಯದಷ್ಟು ಛಲೋ ಬಾರಸ್ತೈತೋ ಇಲ್ಲೋ ಅಂತ."