ವಿಷದ ಗಾಳ ಹಾಕಿದ ಗಂಗಕ್ಕ

ಮೇ ತಿಂಗಳಲ್ಲಿ ದೊಡವಾಡದ ಎರಿಭೂಮಿ ಬಿಸಿಲಿಗೆ ಬಾಯಿ ಬಿಟ್ಟಾಗಲೂ ನಮ್ಮ ಗಂಗಕ್ಕ ಉಣ್ಣೆಯ ಸ್ವೆಟರ್ ತೊಟ್ಟೇ ಬಸ್ಸಿಳಿಯುತ್ತಿದ್ದಳು. ಪುಣೆಯ ಪ್ರಯೋಗಾಲಯದ ತಣ್ಣನೆಯ ಕೋಣೆಯೊಂದರಲ್ಲಿ ದಿನವಿಡೀ ಅವಳ ಕೆಲಸ. ಆ ಚಳಿ ಎಲುಬಿಗೇ ಇಳಿದಿತ್ತೇನೋ. ಬೆರಳ ತುದಿಗಳು ಮರಗಟ್ಟಿ, ಸುಡುವ ರೊಟ್ಟಿಯನ್ನೂ ಹೆಂಚಿನಿಂದ ಬರಿಗೈಯಲ್ಲಿ ತೆಗೆಯುತ್ತಿದ್ದಳು.

"ನಿನ್ನ ಕೆಲಸರೆ ಏನವಾ?" ಎಂದು ಅಪ್ಪ ಕೇಳಿದರೆ ಆರಿದ ಹಾಲಿನ ಪಾತ್ರೆ ತಂದಿಡುವಳು. "ಜೀವಕೋಶದ ಸುತ್ತ ಈ ಕೆನಿಯಂಥಾ ತೆಳ್ಳನ ಪೊರಿ ಇರತೈತಪ್ಪಾ. ಅದರಾಗ ಗ್ರಾಹಕ ಅಂತ ಒಂದು ಕುಂತಿರತೈತಿ. ನರ ತಂದ ಸುದ್ದಿ ಹಿಡಕೊಂಡು ಮಾಂಸಖಂಡಕ್ಕ ಮುಟ್ಟಸತೈತಿ. ಅದರ ಆಕಾರ ಹೆಂಗೈತಿ ಅಂತ ನೋಡಬೇಕಾಗೇತಿ ನನಗ."

ಅದಕ್ಕೆ ಸಮುದ್ರದಲ್ಲಿರುವ, ಕರೆಂಟ್ ಹೊಡೆಯುವ ಮೀನು ಬೇಕು; ಅದರ ಮೈಯಲ್ಲಿ ಆ ಗ್ರಾಹಕ ರಾಶಿಗಟ್ಟಲೆ ಇರುತ್ತದಂತೆ. ಪೊರೆ ಕರಗಿಸಲು ಸಾಬೂನಿನಂಥ ದ್ರವ ಬೇಕು. ಕರಗಿದ್ದರಲ್ಲಿ ಹೆಕ್ಕಲು ನಾಗರಹಾವಿನ ವಿಷವೇ ಗಾಳ. ಅದು ಉಳಿದುದೆಲ್ಲವನ್ನೂ ಬಿಟ್ಟು ಆ ಗ್ರಾಹಕವನ್ನೇ ಕಚ್ಚಿ ಹಿಡಿಯುತ್ತದೆ. "ಸಾಬಾನ ಕಡಿಮ್ಯಾದ್ರ ಹೊರಗ ಬರಂಗಿಲ್ಲ, ಹೆಚ್ಚಾದ್ರ ಸತ್ತು ಬರತೈತಿ" ಅನ್ನುವಳು. ವರ್ಷಗಟ್ಟಲೆ ಅದು ಸತ್ತೇ ಬಂತು.

ಎಪ್ಪತ್ತರ ದಶಕದ ನಡುವೆ ಒಮ್ಮೆ ಅವಳು ರಜೆಗೆ ಬಂದಿದ್ದಾಗ, ಜೋಳದ ಕಣಕಿ ಬಣವೆ ಇಳಿಸುತ್ತಿದ್ದ ನಮ್ಮ ತಮ್ಮ ಈರಣ್ಣನ ಕೈಗೆ ನಾಗರಹಾವು ಕಚ್ಚಿತು.

"ಮಂತ್ರಾ ಹಾಕಾವ್ರ ಕಡೆ ಒಯ್ಯೂಣು" ಎಂದರು ಓಣಿಯವರು.

"ಬ್ಯಾಡ. ಟ್ರ್ಯಾಕ್ಟರ್ ತಗೀರಿ. ಧಾರವಾಡಕ್ಕ ಹೊಡೀರಿ" ಎಂದಳು ಅಕ್ಕ.

ಟ್ರೇಲರಿನಲ್ಲಿ ಈರಣ್ಣನ ರೆಪ್ಪೆಗಳು ತಾವಾಗಿಯೇ ಮುಚ್ಚಿದವು. ಮಾತು ತೊದಲಿ ನಿಂತಿತು. ಅವ್ವ ಎದೆ ಬಡಿದುಕೊಳ್ಳತೊಡಗಿದಳು.

"ಅಳಬ್ಯಾಡವಾ. ಅಂವ ಹೋಗಿಲ್ಲ. ವಿಷ ಗ್ರಾಹಕದ ಮ್ಯಾಲ ಕುಂತೈತಿ, ಅದಕ್ಕ ಮೈ ಅಳ್ಳಾಡವಲ್ದು. ಆದ್ರ ಎಲ್ಲಾ ಕೇಳಸತೈತಿ ಅಂವಗ. ಏನರೆ ಮಾತಾಡು."

ಹೀಗೆ ಹೇಳಿ ಅಕ್ಕ ಅವನ ಬಾಯಿಗೆ ಬಾಯಿ ಹಚ್ಚಿ ಉಸಿರು ಊದತೊಡಗಿದಳು. ಅವ್ವ ಎಮ್ಮೆ ಕರು ಹಾಕಿದ್ದು ಹೇಳಿದಳು, ಅವನಿಗೆ ನೋಡಿದ್ದ ಬೈಲಹೊಂಗಲದ ಹುಡುಗಿಯ ಕಡೆಯವರು ಒಪ್ಪಿದ್ದು ಹೇಳಿದಳು. ನಾನು ಅವನ ಪಾದ ಹಿಡಿದು ಕೂತಿದ್ದೆ. ರಸ್ತೆಯ ಪ್ರತಿ ತಗ್ಗಿನಲ್ಲೂ ಅಕ್ಕನ ಹಲ್ಲು ಅವನ ಹಲ್ಲಿಗೆ ಬಡಿಯುತ್ತಿತ್ತು. ಧಾರವಾಡ ಹತ್ತಿರವಾದಂತೆ ಪಾದ ತಣ್ಣಗಾಯಿತು. ನಾನು ಹೇಳಲಿಲ್ಲ. ದವಾಖಾನೆಯಲ್ಲಿ ಡಾಕ್ಟರು ಭುಜ ಹಿಡಿದು ಸರಿಸುವವರೆಗೂ ಅಕ್ಕ ಊದುತ್ತಲೇ ಇದ್ದಳು. ತುಟಿ ಒಡೆದಿತ್ತು. ಅವಳು ಅಳಲಿಲ್ಲ. ನನಗೂ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ.

"ಮಂತ್ರಾ ಹಾಕಿಸಗೊಡಲಿಲ್ಲ ಆಕಿ" ಎಂದು ಊರು ಆಡಿಕೊಂಡಿತು. ಅಕ್ಕ ಪುಣೆಗೆ ಹೋಗಿ ಮತ್ತೆ ಅದೇ ವಿಷದ ಸೀಸೆ ತೆರೆದಳು.

ಮರುವರ್ಷ ಬಂದಾಗ ಜಗಲಿಯಲ್ಲಿ ಅಪ್ಪನ ಎದುರು ಕೂತು ಹೇಳಿದಳು: "ಈ ಸಲ ಗ್ರಾಹಕ ಇಡಿಯಾಗಿ ಬಂತಪ್ಪಾ. ತುಂಡುಗೋಳು ಕೂಡಿ ಗುಂಡಗ ನಿಂತಾವು. ನಡುವ ತೂತು ಐತಿ."

ಅಪ್ಪ ಕೇಳಿದ: "ಇದು ಮೊದಲ ಗೊತ್ತಿದ್ರ ಈರ್ಯಾ ಉಳೀತಿದ್ನೇನು?"

"ಇಲ್ಲಪ್ಪಾ. ಅಂವಗ ಬೇಕಾಗಿದ್ದು ಹತ್ತಿರದಾಗ ಒಂದು ದವಾಖಾನಿ."

"ಮತ್ತ ಇದನ್ಯಾಕ ಮಾಡ್ತಿ?"

ಅಕ್ಕ ಸ್ವೆಟರಿನ ತೋಳು ಕೆಳಗೆಳೆದುಕೊಂಡಳು. ಅಪ್ಪ ಎದ್ದುಹೋಗಲಿಲ್ಲ. ಇಬ್ಬರೂ ಊಟಕ್ಕೆ ಕರೆಯುವವರೆಗೆ ಹಾಗೇ ಕೂತಿದ್ದರು. ಮರುದಿನ ಅವಳು ಧಾರವಾಡದ ಬಸ್ಸು ಹತ್ತಿದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಆ ಮಳೆಗಾಲ ಪುಣೆಯಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಅಪ್ಪ ಪುಣೆಗೆ ಹೋಗಿ ಮಣ್ಣು ಮಾಡಿ ಬಂದ ಕೆಲ ದಿನಕ್ಕೆ ಅವಳ ಜೊತೆ ಕೆಲಸ ಮಾಡುತ್ತಿದ್ದ ಮರಾಠಿ ಹೆಣ್ಣುಮಗಳು ಮನೆಗೆ ಬಂದಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಸಮಾಧಾನ ಹೇಳಲು ತಡವರಿಸುತ್ತಿದ್ದಳು. ಅಪ್ಪ ನಡುವೆಯೇ ಕೇಳಿದ:

"ಆಕಿ ಜಾಗಾದಾಗ ಈಗ ಯಾರು ಕೆಲಸಾ ಮಾಡ್ತಾರ್ರಿ?"

"ನಾನೇ."

"ಚಲೋ ಆತು" ಎಂದ ಅಪ್ಪ. "ಚಾ ಕುಡೀರಿ, ಆರತೈತಿ."