ಶಿರವಾಡದ ತರಬೇತಿ ಅರ್ಥವಾಗಿದ್ದು ಒಬ್ಬಳಿಗೆ

ಸ್ನೇಹಿತರೇ, ಇವತ್ತು ಶಿರವಾಡದಲ್ಲಿ ಕಟ್ಟಡ ಕೆಲಸಗಾರರಿಗೆ ತರಬೇತಿ ಕೊಟ್ಟು ಬಂದೆ. ಒಡೆದ ಇಟ್ಟಿಗೆಯನ್ನು ಎಸೆಯದೆ ಎಲ್ಲಿ ಬಳಸಬಹುದು, ಸಿಮೆಂಟನ್ನು ಬೇಕಾದಷ್ಟೇ ಕಲಸುವುದು ಹೇಗೆ ಎಂದು ಗಂಟಲು ಹರಿದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರೆಲ್ಲ ಒಡಿಶಾದವರು, ಕನ್ನಡ ಬಾರದು ಎಂದು ಮೇಸ್ತ್ರಿ ಹೇಳಿದ್ದು ಆಮೇಲೆ!

ಅರ್ಥವಾಗಿದ್ದು ಮರಳು ಹೊರುವ ಅಗಸೂರಿನ ಗಣಪಿಗೆ ಮಾತ್ರ. ಅವಳು ಹತ್ತಿರ ಬಂದು, "ಅಕ್ಕೋರೆ, ಇನ್ನೂ ಒಂಚೂರು ಹೇಳಿ" ಎಂದಳು.

ನನಗೆ ಖುಷಿಯೋ ಖುಷಿ. "ಯಾವುದು, ಇಟ್ಟಿಗೆಯದಾ?"

"ಎಂತದಾದ್ರೂ ಅಡ್ಡಿಲ್ಲ. ಇಲ್ಲಿ ನನ್ ಸಂಗ್ತಿಗೆ ಮಾತಾಡುಕೆ ಯಾರೂ ಇಲ್ಲ. ದಿನಾ ಬಾಯಿ ಮುಚ್ಕಂಡೇ ಮನೆಗೆ ಹೋಗ್ತೆ."

ಅವಳ ಪಕ್ಕದಲ್ಲೇ ಕೂತು ಊಟದ ಡಬ್ಬಿ ಬಿಚ್ಚಿದೆ. ಇಟ್ಟಿಗೆಯ ಸುದ್ದಿ ಬರಲೇ ಇಲ್ಲ. ಅವಳ ಹಿತ್ತಲಿನ ಬಸಳೆ, ನನ್ನ ಮೊಣಕಾಲು ನೋವು, ಹೀಗೇ ಏನೇನೋ ಮಾತಾಡಿದೆವು.

ಹೊರಟಾಗ ಕೇಳಿದಳು, "ನಾಳೆನೂ ಬರ್ತ್ರಾ?"

ತರಬೇತಿ ಒಂದೇ ದಿನದ್ದು ಎಂದೆ.

"ಹಂಗಾರೆ ಯಾರಿಗೂ ತಿಳೀಲಿಲ್ಲ ಅಂತ ಆಫೀಸಲ್ಲಿ ಹೇಳಿ. ಅವ್ರು ನಿಮ್ಮನ್ನ ಮತ್ತೆ ಕಳಸ್ತ್ರು."

ಕಾರವಾರದ ಬಾಡಿಗೆ ಕೋಣೆಗೆ ಬಂದವಳೇ ಆಫೀಸಿಗೆ ಫೋನ್ ಮಾಡಿ ಹಾಗೆಯೇ ಹೇಳಿದೆ. ಪೂರ್ತಿ ಸುಳ್ಳೇನಲ್ಲವಲ್ಲ. ಅಲ್ಲದೆ, ಈ ಕೋಣೆಯಲ್ಲಿ ನನಗಾದರೂ ಮಾತಾಡಲು ಯಾರಿದ್ದಾರೆ?