ಅಪ್ಪಯ್ಯ ಬರುತ್ತೇನೆ ಅಂದಿದ್ದರು

ಅಪ್ಪಯ್ಯ ಮನೆಗೆ ಬರುತ್ತೇನೆ ಅಂದಿದ್ದರು. ಬರುವುದಿಲ್ಲ ಅಂದರೆಂದು ನಾನು ಎಲ್ಲರನ್ನೂ ನಂಬಿಸಿದೆ. ಅದಕ್ಕಾಗಿ ಬಾಯಿಬಿಟ್ಟು ಒಂದು ಮಾತನ್ನೂ ಆಡಲಿಲ್ಲ — ತಲೆಯನ್ನು ಒಮ್ಮೆ ಮೇಲೆ ಕೆಳಗೆ ಮಾಡಿದೆ, ಅಷ್ಟೇ.

ಅಣ್ಣ ಹಡಗಿನಲ್ಲಿ ಅಡುಗೆಯವನು. ಬಲ್ಗೇರಿಯಾದ ಬಂದರೊಂದರಲ್ಲಿ ಮರಿಯಾಳನ್ನು ಮೆಚ್ಚಿ, ಮದುವೆಯಾಗಿ, ನಮ್ಮೂರು ಹಂಗಾರಕಟ್ಟೆಗೆ ಕರೆತಂದ. ಮೊದಲ ದಿನದ ಊಟದಲ್ಲೇ ಪೇಚಾಟ. ಇನ್ನೊಂದು ತುಂಡು ಮೀನು ಹಾಕಲೇ ಎಂದು ಸನ್ನೆಯಲ್ಲಿ ಕೇಳಿದೆ. ಅತ್ತಿಗೆ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದಳು. ಬೇಡವೇನೋ ಎಂದು ಸೌಟು ಹಿಂದೆಳೆದೆ. ಪಾಪ, ಅವಳ ಕಣ್ಣು ಸೌಟಿನ ಹಿಂದೆಯೇ ಹೋಯಿತು. ಆಗ ಅಣ್ಣ ಹೇಳಿದ — ಅವರ ದೇಶದಲ್ಲಿ ತಲೆ ಅಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಮಾಡಿದರೆ ಇಲ್ಲ.

ನಮ್ಮ ಕ್ರಮವನ್ನು ಅವಳಿಗೆ ಕಲಿಸಿದವಳು ನಾನು. ಕನ್ನಡಿಯ ಮುಂದೆ ನಿಂತು ರೂಢಿ ಮಾಡಿಕೊಂಡಳು. ಆದರೆ ಮೂರನೆಯದೊಂದಿದೆಯಲ್ಲ — ಕಿವಿಯನ್ನು ಒಮ್ಮೆ ಈ ಹೆಗಲಿಗೆ, ಒಮ್ಮೆ ಆ ಹೆಗಲಿಗೆ ಓಲಿಸುವುದು; ಆಯ್ತು, ಆಗಲಿ ಅನ್ನುವುದು — ಅದನ್ನು ಕಲಿಸಲಿಲ್ಲ. ಅದೂ ಒಂದು ಮಾತೆಂದು ಹೊಳೆದಿರಲಿಲ್ಲ. ಅಪ್ಪಯ್ಯ ದೋಣಿ ಕಟ್ಟುವವರು, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ದಿನ ಕಳೆದವರು. ಅವರ ಒಪ್ಪಿಗೆಯೆಲ್ಲ ಆ ಓಲಾಟದಲ್ಲೇ. ನನಗೆ ಮದುವೆ ಬೇಡ ಅಂದಾಗ ಊರಿಡೀ ಬಾಯಿಗೆ ಬಂದದ್ದು ಆಡಿತು. ಅಪ್ಪಯ್ಯ ಮಾತ್ರ ತಲೆ ಓಲಿಸಿ ಕೆಲಸಕ್ಕೆ ಹೋದರು.

ಲಕ್ವ ಹೊಡೆದು ಅವರ ಮಾತು ನಿಂತಿತು. ವರ್ಷಕ್ಕೂ ಮಿಕ್ಕಿ ನಾನೇ ನೋಡಿಕೊಂಡೆ. ಆಮೇಲೆ ಜ್ವರ, ಕಫ — ಬ್ರಹ್ಮಾವರದ ಆಸ್ಪತ್ರೆಗೆ ಸೇರಿಸಿದೆವು. ಇನ್ನು ಔಷಧಿಯಿಂದ ಹೆಚ್ಚೇನೂ ಆಗದು, ಮನೆಗೆ ಕರೆದೊಯ್ಯುವುದೋ ಇಲ್ಲೇ ಇರಿಸುವುದೋ ಅವರನ್ನೇ ಕೇಳಿ ಅಂದರು ಡಾಕ್ಟರು. ಅಣ್ಣ ಸಮುದ್ರದ ಮೇಲಿದ್ದ. ಅತ್ತಿಗೆ ಬಂದಿದ್ದಳು. ಅಪ್ಪಯ್ಯನಿಗೆ ಕಿವಿ ಮಂದ; ಅವಳು ಕಿವಿಯ ಹತ್ತಿರ ಬಗ್ಗಿ ಜೋರಾಗಿ ಕೇಳಿದಳು.

"ಅಪ್ಪಯ್ಯ, ಮನಿಗ್ ಹೋಪನಾ?"

ದಿಂಬಿನ ಮೇಲೆ ತಲೆ ಓಲಾಡಿತು. ಎಡಕ್ಕೆ, ಬಲಕ್ಕೆ. ನಿಶ್ಶಕ್ತ ಕತ್ತು, ಅಡ್ಡ ಆಡಿಸಿದಂತೆಯೇ ಕಂಡಿತು. ಅತ್ತಿಗೆಯ ಮುಖ ಮೊದಲು ಅರಳಿತು — ಅವಳ ಊರಿನ ಲೆಕ್ಕಕ್ಕೆ ಅದು ಹೌದೇ ತಾನೆ. ಮರುಕ್ಷಣ ನಾನು ಕಲಿಸಿದ್ದು ನೆನಪಾಗಿರಬೇಕು. ನನ್ನ ಕಡೆ ತಿರುಗಿ ಮೆಲ್ಲಗೆ, "ಇಲ್ಲ ಅಂದ್ರಾ?" ಎಂದಳು.

ಅದು ಹೌದು ಎಂದು ನನಗೆ ಗೊತ್ತಿತ್ತು. ಹುಟ್ಟಿದಂದಿನಿಂದ ನೋಡಿದ ತಲೆ ಅದು. ಆದರೆ ಮನೆಗೆ ಬಂದರೆ ಮತ್ತೆ ಮಗ್ಗುಲು ಹೊರಳಿಸುವುದು, ಒರೆಸುವುದು, ಒಗೆಯುವುದು... ಇದು ನೆಪವಲ್ಲ. ಆ ಗಳಿಗೆಯಲ್ಲಿ ಮನಸ್ಸಿಗೆ ಬಂದದ್ದು ಅದು, ಹೇಳುತ್ತಿದ್ದೇನೆ. ಎಲುಬಿಲ್ಲದ ನಾಲಿಗೆ ಹೇಗೂ ಹೊರಳುತ್ತದೆ ಅನ್ನುತ್ತಾರೆ. ನನ್ನದು ಎಲುಬಿರುವ ಕತ್ತು; ಅದೂ ಹೊರಳಿತು — ಒಮ್ಮೆ ಮೇಲೆ, ಒಮ್ಮೆ ಕೆಳಗೆ.

ಅವಳ ಪ್ರಶ್ನೆ ಅಪ್ಪಯ್ಯನಿಗೆ ಕೇಳಿಸಲಿಲ್ಲ. ನನ್ನ ತಲೆ ಮಾತ್ರ ಕಂಡಿತು. ಮಗಳು ಹೂಂ ಅಂದಳು, ಕರೆದುಕೊಂಡು ಹೋಗುತ್ತಾಳೆ — ಅಂದುಕೊಂಡರು. ಸ್ವಾಧೀನವಿದ್ದ ಎಡಗೈಯಲ್ಲಿ ಮಂಚದ ಬದಿಯಲ್ಲಿದ್ದ, ಮೈ ಒರೆಸುವ ಬೈರಾಸನ್ನು ಎಳೆದು ಹೆಗಲಿಗೆ ಹಾಕಿಕೊಂಡರು. ಎಲ್ಲಿಗೆ ಹೊರಟರೂ ಹಾಗೆಯೇ ಹಾಕಿಕೊಳ್ಳುತ್ತಿದ್ದರು. ಆಮೇಲೆ ಅದನ್ನು ತೆಗೆಯಲು ಬಿಡಲಿಲ್ಲ. ಬಾಗಿಲಲ್ಲಿ ಹೆಜ್ಜೆ ಸದ್ದಾದರೆ ನನ್ನನ್ನು ನೋಡುತ್ತಿದ್ದರು. ನಾನು ಕಿಟಕಿಯಾಚೆ ಹೆದ್ದಾರಿಯ ಬಸ್ಸುಗಳನ್ನು ನೋಡುತ್ತಿದ್ದೆ. ವಾರ ತುಂಬುವ ಮೊದಲೇ, ಬೈರಾಸು ಹೆಗಲ ಮೇಲಿದ್ದಂತೆಯೇ, ಅಲ್ಲೇ ಹೋದರು.

ಅತ್ತಿಗೆ ಇಂದಿಗೂ ನನ್ನನ್ನೇ ಸಮಾಧಾನ ಮಾಡುತ್ತಾಳೆ. ಅಪ್ಪಯ್ಯನೇ ಬೇಡ ಅಂದರಲ್ಲ, ನಿನ್ನ ತಪ್ಪೇನಿದೆ ಅನ್ನುತ್ತಾಳೆ. ಪ್ರತಿ ಸಲವೂ ನಾನು ಹೌದೆಂದು ತಲೆಯಾಡಿಸಿದ್ದೇನೆ.

ತಿಥಿಗೆ ಅಣ್ಣ, ಅತ್ತಿಗೆ ಇಬ್ಬರೂ ಬರುತ್ತಿದ್ದಾರೆ. ಅವಳು ಮತ್ತೆ ಅದನ್ನೇ ಹೇಳುತ್ತಾಳೆ, ಗೊತ್ತಿದೆ. ಈ ಸಲ ತಲೆಯಾಡಿಸುವುದಿಲ್ಲ. ಬೈರಾಸನ್ನು ಅವಳ ಕೈಗೆ ಕೊಟ್ಟು ಬಾಯಿಬಿಟ್ಟು ಹೇಳಬೇಕು — ಅತ್ತಿಗೆ, ಮೊದಲು ನಿನಗೆ ಅನ್ನಿಸಿದ್ದೇ ಸರಿ. ಅಪ್ಪಯ್ಯ ಬತ್ತೆ ಅಂದಿದ್ರ್.